ಆಮೆಯ ಫೋಟೋಗೆ ನಿಕಾನ್ 200-500: ಹತ್ತಿರ ಹೋಗಬೇಡಿ, ದೂರ ನಿಲ್ಲಿ

ದಕ್ಷಿಣ ಆಫ್ರಿಕಾದ ಕ್ರೂಗರ್ ರಾಷ್ಟ್ರೀಯ ಉದ್ಯಾನಕ್ಕೆ ನಿಕಾನ್ 200-500 ಎಂಎಂ ಎಫ್/5.6 ಲೆನ್ಸನ್ನು ಹೆಚ್ಚಿನವರು ಒಯ್ಯುವುದು ಸಿಂಹ, ಚಿರತೆಗೆಂದು. ಮಳೆ ಬಿದ್ದ ಮೇಲೆ ರಸ್ತೆಯ ಹೊಂಡದಲ್ಲಿ ನೀರು ಕುಡಿಯಲು ಬರುವ ಲೆಪರ್ಡ್ ಟಾರ್ಟಾಯ್ಸ್ ಎಂಬ ನೆಲದ ಆಮೆಗೂ ಇದು ಅಷ್ಟೇ ಚೆನ್ನಾಗಿ ಒದಗುತ್ತದೆ. ಆದರೆ ನಿಲ್ಲುವ ದೂರ ಸರಿಯಿರಬೇಕು.

ಆಮೆ ಕಂಡ ಕೂಡಲೇ ಗಾಡಿಯನ್ನು ಅದರ ಪಕ್ಕಕ್ಕೇ ತಂದು ನಿಲ್ಲಿಸುವುದು ಸಾಮಾನ್ಯ ತಪ್ಪು. ತೆರೆದ ಸಫಾರಿ ಗಾಡಿಯಲ್ಲಿ ಕ್ಯಾಮೆರಾ ನೆಲದಿಂದ ಸುಮಾರು 2 ಮೀಟರ್ ಮೇಲಿರುತ್ತದೆ. 4 ಮೀಟರ್ ದೂರದಿಂದ ತೆಗೆದರೆ ನೋಟ 27 ಡಿಗ್ರಿ ಕೆಳಕ್ಕೆ ಬಾಗುತ್ತದೆ, ಚಿಪ್ಪಿನ ನೆತ್ತಿಯೇ ಎದ್ದು ಕಾಣುತ್ತದೆ. ಆಮೆಯೂ ಹೆದರಿ ತಲೆ ಒಳಗೆಳೆದುಕೊಳ್ಳುತ್ತದೆ. 15 ಮೀಟರಿನಲ್ಲಿ ಈ ಕೋನ 8 ಡಿಗ್ರಿಗೆ ಇಳಿಯುತ್ತದೆ. ಗಾಡಿಯಿಂದ ಇಳಿದು ನೆಲದ ಮೇಲೆ ಮಲಗಲು ಕ್ರೂಗರ್‌ನಲ್ಲಿ ಅವಕಾಶವಿಲ್ಲದ ಕಾರಣ ದೂರವೇ ನಮಗಿರುವ ದಾರಿ. 500 ಎಂಎಂನಲ್ಲಿ, ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ, ಆ ದೂರಕ್ಕೆ ಸುಮಾರು 1 ಮೀಟರ್ ಅಗಲದ ಚಿತ್ರ ಸಿಗುತ್ತದೆ. 40 ಸೆಂ.ಮೀ. ಆಮೆಗೆ, ಸುತ್ತಲಿನ ಹುಲ್ಲೂ ಸೇರಿ, ಹದವಾದ ಜಾಗ ಅದು. ಲೆನ್ಸಿನ ಕಿಂಡಿ ಪೂರ್ತಿ ತೆರೆದ ಎಫ್/5.6ರಲ್ಲೇ ಸುಮಾರು 30 ಸೆಂ.ಮೀ. ಆಳಕ್ಕೆ ಫೋಕಸ್ ನಿಲ್ಲುತ್ತದೆ. ಅದೇ 5 ಮೀಟರಿನಲ್ಲಿ ಸಿಗುವುದು ಬರೀ 3 ಸೆಂ.ಮೀ.: ಕಣ್ಣು ಶಾರ್ಪ್, ಚಿಪ್ಪು ಮಸುಕು.

ಆಮೆ ತಾನಾಗಿ ಗಾಡಿಯ ಬಳಿ ಬಂದಾಗ ಕೈಕೊಡುವುದು ಫೋಕಸ್ ಲಿಮಿಟರ್, ಅಂದರೆ ಲೆನ್ಸ್ ಎಷ್ಟು ಹತ್ತಿರದವರೆಗೆ ಫೋಕಸ್ ಹುಡುಕಬೇಕೆಂದು ಮಿತಿ ಹಾಕುವ ಸ್ವಿಚ್ಚು. ಅದು 6 ಮೀಟರಿನ ಆಚೆಗಷ್ಟೇ ಹುಡುಕುವ ಗುರುತಿನಲ್ಲಿದ್ದರೆ ಲೆನ್ಸ್ ಹಿಂದೆ ಮುಂದೆ ತಡಕಾಡುತ್ತದೆಯೇ ಹೊರತು ಫೋಕಸ್ ಹಿಡಿಯುವುದಿಲ್ಲ. ಸ್ವಿಚ್ಚನ್ನು 'ಫುಲ್'ಗೆ ತಂದರೆ 2.2 ಮೀಟರ್‌ವರೆಗೂ ಹಿಡಿಯುತ್ತದೆ. ಅಷ್ಟು ಹತ್ತಿರಕ್ಕೆ 300 ಎಂಎಂಗೆ ಇಳಿದು ಕಿಂಡಿಯನ್ನು ಎಫ್/11ಕ್ಕೆ ಕಿರಿದಾಗಿಸಿ.

ಲೆನ್ಸಿನ ತೂಕ 2.3 ಕೆಜಿ. ಅದನ್ನು ಆನಿಸಲು ಖಾಲಿ ಬೀನ್‌ಬ್ಯಾಗ್ (ಬಟ್ಟೆಯ ಚೀಲ) ಒಯ್ದು, ಅಲ್ಲೇ ಎರಡು ಕೆಜಿ ಅಕ್ಕಿ ಕೊಂಡು ತುಂಬಿಕೊಳ್ಳಿ. ಟ್ರೈಪಾಡ್‌ಗೆ ಜೋಡಿಸಲು ಲೆನ್ಸಿನ ಸುತ್ತ ಇರುವ ಕಾಲರಿನ ಪಾದವನ್ನು ಮೇಲಕ್ಕೆ ತಿರುಗಿಸಿದರೆ ಲೆನ್ಸ್ ಬೀನ್‌ಬ್ಯಾಗಿನ ಮೇಲೆ ಗಟ್ಟಿಯಾಗಿ ಕೂರುತ್ತದೆ. ಎಂಜಿನ್ ಆಫ್ ಮಾಡಿ ಷಟರ್ ವೇಗ 1/250 ಸೆಕೆಂಡ್ ಇಟ್ಟರೆ ಸಾಕು, ಕೈನಡುಕ ತಡೆಯುವ ವಿಆರ್ ಉಳಿದದ್ದನ್ನು ನೋಡಿಕೊಳ್ಳುತ್ತದೆ. ತಿಳಿ ಹಳದಿ ಚಿಪ್ಪು ಬಿಸಿಲಲ್ಲಿ ಬೇಗ ಬೆಳ್ಳಗಾಗುವುದರಿಂದ ಎಕ್ಸ್‌ಪೋಷರನ್ನು ಮೂರನೇ ಒಂದು ಸ್ಟಾಪ್ ಇಳಿಸಿ.

ಕೊರತೆಗಳೂ ಇವೆ. 200ರಿಂದ 500ಕ್ಕೆ ಹೋಗಲು ಜೂಮ್ ರಿಂಗನ್ನು ಒಂದೇ ಪಟ್ಟಿಗೆ ತಿರುಗಿಸಲಾಗದು, ಕೈ ಬದಲಿಸಿ ಹಿಡಿಯಬೇಕು. ಒದ್ದೆ ಚಿಪ್ಪಿನ ಹೊಳಪು ತೆಗೆಯಲು ಪೋಲರೈಸರ್ ಫಿಲ್ಟರ್ ಬೇಕೆಂದರೆ 95 ಎಂಎಂ ಗಾತ್ರದ್ದೇ ಆಗಬೇಕು, ಅದು ದುಬಾರಿ. ನಿಕಾನಿನ ಮಿರರ್‌ಲೆಸ್ ಝಡ್ ಕ್ಯಾಮೆರಾಗಳಿಗೆ ಇದನ್ನು ಜೋಡಿಸಲು ಎಫ್‌ಟಿಝಡ್ ಅಡಾಪ್ಟರ್ ಸೇರಿಸಲೇಬೇಕು. ನಡುಮಧ್ಯಾಹ್ನ ಕಾದ ನೆಲದ ಮೇಲೆ ಗಾಳಿ ಕುದಿಯುವಾಗ 15 ಮೀಟರಿನ ಚಿತ್ರ ಕಲಕಿಹೋಗುತ್ತದೆ. ಅದಕ್ಕೆ ಯಾವ ಲೆನ್ಸಿನಲ್ಲೂ ಮದ್ದಿಲ್ಲ, ಮೋಡದ ಹೊತ್ತು ನೋಡಿಕೊಳ್ಳಿ.

ಹೊರಡುವ ಮುನ್ನ ಆಮೆ ಎಲ್ಲಿದೆ ಎಂದು ಖಚಿತಪಡಿಸಿಕೊಳ್ಳಿ, ನೆರಳಿಗೆ ಗಾಡಿಯಡಿ ಸೇರಿರಬಹುದು. ಅದನ್ನು ಯಾರಿಗೂ ಎತ್ತಲು ಬಿಡಬೇಡಿ. ಗಾಬರಿಯಾದ ಆಮೆ ಒಡಲಲ್ಲಿ ಕೂಡಿಟ್ಟ ನೀರನ್ನೆಲ್ಲ ಹೊರಬಿಡುತ್ತದೆ, ಒಣ ಋತುವಿನಲ್ಲಿ ಅದು ಪ್ರಾಣಕ್ಕೇ ಕುತ್ತು.

ನಮ್ಮ ಬಯಲುಸೀಮೆಯ ನಕ್ಷತ್ರ ಆಮೆ ಗಾತ್ರದಲ್ಲಿ ಚಿಕ್ಕದು. ಅದಕ್ಕೆ 8 ಮೀಟರ್, ಎಫ್/11 ಹೊಂದುತ್ತದೆ. ಫೋಟೋ ಹಾಕುವ ಮುನ್ನ ಜಿಪಿಎಸ್ ಮಾಹಿತಿ ಅಳಿಸಿ, ಊರಿನ ಹೆಸರನ್ನೂ ಬರೆಯಬೇಡಿ. ಕಳ್ಳಸಾಗಣೆಗೆ ಇಷ್ಟೊಂದು ಬಲಿಯಾಗುವ ಆಮೆ ಅಪರೂಪ. 2019ರಲ್ಲಿ ಅದನ್ನು ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದವಾದ ಸೈಟಿಸ್‌ನ ಮೊದಲ ಪಟ್ಟಿಗೆ ಸೇರಿಸಿದ್ದೂ ಇದಕ್ಕಾಗಿಯೇ.