ಕಟ್ಟಿನಕೆರೆ ಮಾರ್ಕೆಟ್ ಹತ್ತಿರ ಸಿಗುವ ಹೊಲಿದ ಲೆಕ್ಕದ ಬುಕ್

ಹಾಸನದ ಕಟ್ಟಿನಕೆರೆ ಮಾರ್ಕೆಟ್ ಪಕ್ಕದ ಓಣಿಯಲ್ಲಿ ಒಂದು ಸಣ್ಣ ಬೈಂಡಿಂಗ್ ಅಂಗಡಿ ಇದೆ. ಅಲ್ಲಿ ಕೈಯಲ್ಲೇ ಹೊಲಿದ ಎರಡು ಕ್ವೈರ್ (ಹಾಳೆ ಎಣಿಸುವ ಅಳತೆ) ಲೆಕ್ಕದ ಬುಕ್ ಸಿಗುತ್ತದೆ. ನಾನು ಕೊಟ್ಟಿದ್ದು 140 ರೂಪಾಯಿ. ಹಾಲಿನ ಲೆಕ್ಕ ಬರೆಯಲು ಅಂತ ತಂದೆ. ಈಗ ಅದರಲ್ಲಿ ಲೆಕ್ಕಕ್ಕಿಂತ ಬೇರೆ ವಿಷಯವೇ ಜಾಸ್ತಿ.

ಹಾಳೆಗಳನ್ನು ಕಂತೆ ಕಂತೆಯಾಗಿ ಮಡಚಿ, ದಾರದಲ್ಲಿ ಹೊಲಿದು, ಮೈದಾ ಅಂಟು ಬಳಿದು ರಟ್ಟು ಕೂರಿಸಿರುತ್ತಾರೆ. ಹುಳ ಬರದಿರಲಿ ಅಂತ ಅಂಟಿಗೆ ಚೂರು ಮೈಲುತುತ್ತ (ಕಾಪರ್ ಸಲ್ಫೇಟ್) ಸೇರಿಸುತ್ತಾರೆ. ಅಡಿಕೆ ಮರಕ್ಕೆ ರೋಗ ಬರದಿರಲಿ ಅಂತ ಸುಣ್ಣದ ಜೊತೆ ಕಲಸಿ ಹೊಡೆಯುತ್ತೇವಲ್ಲ, ಅದೇ. ಹೊಲಿಗೆ ಇರುವುದರಿಂದ ಯಾವ ಪುಟ ತೆರೆದರೂ ಚಪ್ಪಟೆಯಾಗಿ ಕೂರುತ್ತದೆ. ಬರೀ ಅಂಟಿನ ಬುಕ್ಕಿನ ಹಾಗೆ ಬೆನ್ನು ಬಿಟ್ಟು ಹಾಳೆ ಉದುರುವುದಿಲ್ಲ.

ಕುಂದು ಇಲ್ಲ ಅಂತಲ್ಲ. ಅಂಚು ನೇರ ಇಲ್ಲ. ಕೆಲವು ಪುಟಗಳಲ್ಲಿ ಗೆರೆ ಬಲಗಡೆ ಹೋಗ್ತಾ ಹೋಗ್ತಾ ಕೆಳಗಿಳಿಯುತ್ತದೆ. ಮಳೆಗಾಲದಲ್ಲಿ ಹಾಳೆ ತಂಡಿ ಹಿಡಿದು ಇಂಕ್ ಪೆನ್ನಿನ ಅಕ್ಷರ ಹರಡುತ್ತದೆ. ನನಗೆ ಅದೇ ಇಷ್ಟ. ಆಷಾಢದ ಪುಟಗಳನ್ನು ತಾರೀಖು ನೋಡದೆಯೇ ಗುರುತು ಹಿಡಿಯಬಹುದು.

ತಾರೀಖು, ವಿವರ, ರೂಪಾಯಿ, ಪೈಸೆ ಅಂತ ಕಲಂ ಇವೆ. ಲೀಟರ್, ಫ್ಯಾಟ್ ಬರೆದ ಕೆಳಗೆ ಅಂದಿನ ದಿನದ್ದು ಏನಾದರೂ ಬರೆಯುತ್ತೇನೆ. ಜಾಗ ಕಡಿಮೆ. ‘ಚೆನ್ನಾಗಿತ್ತು’ ಅಂತ ಬರೆದರೆ ಸಾಲು ದಂಡ. ಕಂಡಿದ್ದನ್ನೇ ಬರೆಯಬೇಕು, ಬರೆಯಬೇಕು ಅಂದರೆ ಮೊದಲು ನಿಂತು ನೋಡಬೇಕು. ಒಂದು ದಿನದ್ದು: ‘ಅತ್ತೆ ಹುರುಳಿ ಆರಿಸುತ್ತಾ ಕೂತಲ್ಲೇ ನಿದ್ದೆ ಹೋದರು. ಮೊರ ಮಡಿಲಲ್ಲೇ ಇತ್ತು, ಒಂದು ಕಾಳೂ ಚೆಲ್ಲಿರಲಿಲ್ಲ.’

ಇನ್ನೊಂದು, ಆಲೂಗಡ್ಡೆಗೆ ಅಂಗಮಾರಿ ರೋಗ ಬಂದ ವಾರದ್ದು. ‘ಎಲೆಯೆಲ್ಲ ಕಪ್ಪು. ಇವರು ಬದುವಿನ ಮೇಲೆ ಕೂತು ಒಂದು ಗಿಡ ಕಿತ್ತು ನೋಡಿದರು. ಗೋಲಿ ಗಾತ್ರದ ಆರು ಗಡ್ಡೆ. ಸಂಜೆ ಸಾರಿಗೆ ಹಾಕಿದೆ. ಸಿಪ್ಪೆ ಬೆರಳಲ್ಲೇ ಬಂತು.’ ಆ ಸಲ ಹಾಕಿದ ಬಂಡವಾಳ ಹುಟ್ಟಲಿಲ್ಲ. ಜಲಂಧರ್‌ನಿಂದ ಬಂದ ಬಿತ್ತನೆ ಗಡ್ಡೆಗೆ ಕೊಟ್ಟ ದುಡ್ಡು ಸ್ವಲ್ಪ ಹಿಂದಿನ ಪುಟದಲ್ಲೇ ಇದೆ. ಆದರೂ ಈಗ ಓದಿದರೆ ಮೊದಲು ನೆನಪಾಗುವುದು ಆ ಸಾರು. ಬರೆದಿಡದೇ ಇದ್ದಿದ್ದರೆ ಬರೀ ನಷ್ಟ ಮಾತ್ರ ಉಳಿಯುತ್ತಿತ್ತು ಅಲ್ವಾ?

ಇಂಥ ಸಾಲುಗಳ ಎದುರು ರೂಪಾಯಿ ಕಲಂ ಖಾಲಿ ಬಿಡುತ್ತೇನೆ. ಪೈಸೆ ಕಲಂ ಈಗ ಯಾರಿಗೂ ಬೇಡ. ಅದರಲ್ಲಿ ಮಳೆ ಬಂದ ದಿನ ‘ಮ’ ಅಂತ ಹಾಕುತ್ತೇನೆ.

ತಗೊಳ್ಳುವವರು ಕಂತೆಯ ಮಧ್ಯದ ಪುಟ ಬಿಡಿಸಿ, ದಾರ ಕಾಣುತ್ತಾ ನೋಡಿ. ಇಂಕ್ ಪೆನ್ನಲ್ಲಿ ಬರೆಯುವವರು ದಪ್ಪ ಹಾಳೆ ಕೇಳಿ. ರೇಟು ಜಾಸ್ತಿ, ಆದರೆ ಮೊದಲೇ ಹೇಳಿದರೆ ಹೊಲಿದು ಕೊಡುತ್ತಾರೆ. ನುಣುಪು ಹಾಳೆ, ಚೆಂದದ ರಟ್ಟು ಬೇಕು ಅನ್ನುವವರಿಗೆ ಇದು ಹಿಡಿಸುವುದಿಲ್ಲ. ನನ್ನ ನಾದಿನಿಗೆ ಒಂದು ಹೇಳಿ ಬಂದಿದ್ದೇನೆ. ಉಡುಗೊರೆ ಬಂದ ಡೈರಿಗಳನ್ನು ಹಾಳು ಮಾಡಬಾರದು ಅಂತ ಅವಳು ಒಂದಕ್ಷರವೂ ಬರೆಯದೆ ಬೀರುವಿನಲ್ಲಿ ಇಟ್ಟಿದ್ದಾಳೆ.