ಎತ್ತರದ ಜಗಳದ ಆಚೆಗೆ ‘ಜಾಕ್ ರೀಚರ್’

ಲೀ ಚೈಲ್ಡ್ ಅವರ ಕಾದಂಬರಿಗಳ ನಾಯಕ ಜಾಕ್ ರೀಚರ್ ಆರು ಅಡಿ ಐದು ಇಂಚು ಎತ್ತರದ, ಸುಮಾರು 113 ಕಿಲೋ ತೂಗುವ ಆಳು. 2012ರ ಚಲನಚಿತ್ರದಲ್ಲಿ ಆ ಪಾತ್ರವನ್ನು ವಹಿಸಿದ ಟಾಮ್ ಕ್ರೂಸ್ ಐದು ಅಡಿ ಏಳು ಇಂಚಿನ ಆಸುಪಾಸಿನವರು. ಚಿತ್ರ ತೆರೆ ಕಾಣುವ ಮೊದಲೇ ಭುಗಿಲೆದ್ದ ಓದುಗರ ಸಿಟ್ಟಿಗೆ ಈ ವ್ಯತ್ಯಾಸವೇ ಕಾರಣವಾಯಿತು. ಇಂದಿಗೂ ಈ ಚಿತ್ರದ ವಿಷಯ ಬಂದರೆ ಪ್ರೇಕ್ಷಕರ ಮಾತು ಮೊದಲು ಹೋಗಿ ನಿಲ್ಲುವುದು ಅಲ್ಲಿಯೇ. ಆ ಆಕ್ಷೇಪವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ಅದರ ಗದ್ದಲದಲ್ಲಿ ಚಿತ್ರದ ನಿಜವಾದ ಬಲವೂ ನಿಜವಾದ ದೌರ್ಬಲ್ಯವೂ ಚರ್ಚೆಗೇ ಬಾರದೆ ಉಳಿದುಹೋಗಿವೆ ಎಂಬುದು ನನ್ನ ದೂರು.

ಚಿತ್ರಕ್ಕೆ ಆಧಾರ 2005ರಲ್ಲಿ ಪ್ರಕಟವಾದ ‘ಒನ್ ಶಾಟ್’ ಎಂಬ ಕಾದಂಬರಿ. ಚಿತ್ರಕಥೆ ಬರೆದು ನಿರ್ದೇಶಿಸಿದವರು ಕ್ರಿಸ್ಟೋಫರ್ ಮೆಕ್ವಾರಿ. ಕಾದಂಬರಿಯ ಕಥೆ ನಡೆಯುವುದು ಇಂಡಿಯಾನಾ ರಾಜ್ಯದ ಒಂದು ನಗರದಲ್ಲಿ. ಚಿತ್ರ ಅದನ್ನು ಪೆನ್ಸಿಲ್ವೇನಿಯಾದ ಪಿಟ್ಸ್‌ಬರ್ಗ್‌ಗೆ ತಂದಿದೆ. ಈ ಸ್ಥಳಾಂತರ ಕಥೆಗೆ ಅನುಕೂಲವನ್ನೇ ಮಾಡಿದೆ. ನದಿ, ಸೇತುವೆಗಳು, ದಡದ ಕಾಲುದಾರಿ, ಎದುರು ದಡದ ಪಾರ್ಕಿಂಗ್ ಕಟ್ಟಡ ಇವೆಲ್ಲ ಒಂದೇ ನೋಟದೊಳಗೆ ಸಿಗುವುದರಿಂದ, ಗುಂಡು ಎಲ್ಲಿಂದ ಹಾರಿತು, ಬೇರೆ ಎಲ್ಲಿಂದ ಹಾರಬಹುದಿತ್ತು ಎಂಬ ಲೆಕ್ಕವನ್ನು ಪ್ರೇಕ್ಷಕನೇ ಕಣ್ಣಳತೆಯಲ್ಲಿ ಹಾಕಬಹುದು. ಮುಂದಿನ ತನಿಖೆಯೆಲ್ಲ ನಿಂತಿರುವುದು ಈ ಲೆಕ್ಕದ ಮೇಲೆ.

ಆರಂಭದ ಕೆಲವು ನಿಮಿಷಗಳಲ್ಲಿ ಮಾತೇ ಇಲ್ಲ. ಒಬ್ಬ ವ್ಯಕ್ತಿ ವ್ಯಾನಿನಲ್ಲಿ ಬಂದು, ಪಾರ್ಕಿಂಗ್ ಮೀಟರಿಗೆ ನಾಣ್ಯ ಹಾಕಿ, ಬಂದೂಕಿನ ದೂರದರ್ಶಕದ ಮೂಲಕ ನದಿದಡದ ಜನರನ್ನು ಒಬ್ಬೊಬ್ಬರನ್ನಾಗಿ ನೋಡುತ್ತಾನೆ. ನಮ್ಮ ದೃಷ್ಟಿಯೂ ಆ ಗಾಜಿನೊಳಗೇ ಸಿಕ್ಕಿಕೊಂಡಿರುತ್ತದೆ. ಆರು ಗುಂಡು, ಐದು ಸಾವು. 2012ರ ಡಿಸೆಂಬರ್ 14ರಂದು ಸ್ಯಾಂಡಿ ಹುಕ್ ಶಾಲೆಯಲ್ಲಿ 20 ಮಕ್ಕಳು ಮತ್ತು 6 ಮಂದಿ ಸಿಬ್ಬಂದಿ ಗುಂಡಿಗೆ ಬಲಿಯಾದ ಕಾರಣ, ಪಿಟ್ಸ್‌ಬರ್ಗ್‌ನಲ್ಲಿ ಮರುದಿನ ನಡೆಯಬೇಕಿದ್ದ ಮೊದಲ ಪ್ರದರ್ಶನವನ್ನು ಮುಂದೂಡಲಾಯಿತು. ಚಿತ್ರ ಚಿತ್ರಮಂದಿರಗಳಿಗೆ ಬಂದದ್ದು ಅದಾದ ಒಂದೇ ವಾರಕ್ಕೆ. ಅಂಥ ವಾರದಲ್ಲಿ ಈ ಆರಂಭವನ್ನು ನೋಡಿದ ಅಮೆರಿಕದ ಪ್ರೇಕ್ಷಕರು ಅದನ್ನು ಕೇವಲ ಕಥೆಯಾಗಿ ಕಾಣುವುದು ಕಷ್ಟವಿತ್ತು. ಇಷ್ಟು ವರ್ಷಗಳ ನಂತರ ನೋಡಿದರೂ ಅದು ಮನಸ್ಸನ್ನು ಕಲಕುತ್ತದೆ, ಮತ್ತು ಕಲಕಬೇಕಾದದ್ದೇ ಸರಿ. ಹಿಂಸೆಯನ್ನು ಚೆಂದಗೊಳಿಸುವ ಯಾವ ಪ್ರಯತ್ನವೂ ಆ ದೃಶ್ಯದಲ್ಲಿ ಇಲ್ಲ.

ಮೀಟರಿನಲ್ಲಿ ಸಿಕ್ಕ ನಾಣ್ಯದ ಬೆರಳಚ್ಚು ಪೊಲೀಸರನ್ನು ಜೇಮ್ಸ್ ಬಾರ್ ಎಂಬ ಮಾಜಿ ಸೈನಿಕನ ಮನೆಗೆ ಕರೆದೊಯ್ಯುತ್ತದೆ. ಅವನು ತಪ್ಪೊಪ್ಪಿಗೆಗೆ ಸಹಿ ಹಾಕುವ ಬದಲು ‘ಜಾಕ್ ರೀಚರನನ್ನು ಕರೆಸಿ’ ಎಂದು ಬರೆಯುತ್ತಾನೆ; ನಂತರ ಸಹಕೈದಿಗಳ ಹೊಡೆತಕ್ಕೆ ಸಿಕ್ಕಿ ಪ್ರಜ್ಞೆ ಕಳೆದುಕೊಳ್ಳುತ್ತಾನೆ. ರೀಚರ್ ಸೇನಾ ಪೊಲೀಸ್ ದಳದಲ್ಲಿ ಮೇಜರ್ ಆಗಿದ್ದವನು. ಈಗ ಮನೆಯಿಲ್ಲದೆ, ಫೋನಿಲ್ಲದೆ ಬಸ್ಸಿನಲ್ಲಿ ಊರೂರು ಸುತ್ತುವವನು. ಅವನು ಬರುವುದು ಬಾರ್‌ನನ್ನು ಉಳಿಸಲಿಕ್ಕಲ್ಲ. ಹಿಂದೊಮ್ಮೆ ಬಾಗ್ದಾದಿನಲ್ಲಿ ಕೊಲೆ ಮಾಡಿಯೂ ಶಿಕ್ಷೆ ತಪ್ಪಿಸಿಕೊಂಡಿದ್ದ ಅದೇ ಬಾರ್ ಈ ಸಲ ತಪ್ಪಿಸಿಕೊಳ್ಳದಂತೆ ನೋಡಿಕೊಳ್ಳಲು. ಆರೋಪಿಯ ವಕೀಲೆ ಹೆಲೆನ್ ರಾಡಿನ್ (ರೋಸಮಂಡ್ ಪೈಕ್) ಅವನನ್ನು ತನಿಖೆಗೆ ನೇಮಿಸಿಕೊಳ್ಳುತ್ತಾಳೆ. ಎದುರು ಪಕ್ಷದ ಸರ್ಕಾರಿ ಅಭಿಯೋಜಕ ಅವಳ ತಂದೆಯೇ.

ಇಲ್ಲಿಂದ ಮುಂದಿನ ಒಂದು ಗಂಟೆಯೇ ನನ್ನ ದೃಷ್ಟಿಯಲ್ಲಿ ಈ ಚಿತ್ರದ ಸಾರ. ಸಾಲು ಸಾಲು ಸಾಕ್ಷ್ಯಗಳು ಬಾರ್‌ನತ್ತಲೇ ಬೊಟ್ಟು ಮಾಡುತ್ತಿರುವಾಗ, ಐವರನ್ನು ಕೊಲ್ಲಲು ಹೊರಟವನು ಪಾರ್ಕಿಂಗ್ ಶುಲ್ಕವನ್ನು ಏಕೆ ಕಟ್ಟಿದ ಎಂಬ ಪ್ರಶ್ನೆಯನ್ನು ರೀಚರ್ ಎತ್ತುತ್ತಾನೆ. ಬೆನ್ನಿಗೆ ಸೂರ್ಯನಿರುವ, ಗುರಿ ಸುಲಭವಾಗುವ, ತಪ್ಪಿಸಿಕೊಳ್ಳಲು ನೇರ ದಾರಿಯಿರುವ ಸೇತುವೆ ಪಕ್ಕದಲ್ಲೇ ಇರುವಾಗ, ತರಬೇತಾದ ಸೈನಿಕನೊಬ್ಬ ಆ ಪಾರ್ಕಿಂಗ್ ಕಟ್ಟಡವನ್ನು ಏಕೆ ಆರಿಸಿಕೊಂಡ ಎಂದು ಕೇಳುತ್ತಾನೆ. ‘ಒನ್ ಶಾಟ್’ ಓದಿದವರಿಗೆ ಗೊತ್ತು, ಆ ಕಾದಂಬರಿಯ ರುಚಿ ಇರುವುದು ಹೊಡೆದಾಟಗಳಿಗಿಂತ ಹೆಚ್ಚಾಗಿ ಹೀಗೆ ಹಂತಹಂತವಾಗಿ ಬಿಚ್ಚಿಕೊಳ್ಳುವ ತರ್ಕದಲ್ಲಿ. ತಲೆಯೊಳಗಿನ ಯೋಚನೆಯನ್ನು ತೆರೆಯ ಮೇಲೆ ತರುವುದು ರೂಪಾಂತರಗಳಿಗೆಲ್ಲ ಕಠಿಣವಾದ ಕೆಲಸ. ಮೆಕ್ವಾರಿ ಇದಕ್ಕಾಗಿ ಸ್ಥಳವನ್ನೇ ಬಳಸಿಕೊಂಡಿದ್ದಾರೆ: ರೀಚರ್ ಸೇತುವೆಯ ಮೇಲೆ ನಿಂತು ಸುತ್ತ ನೋಡುತ್ತಾನೆ, ಅವನು ಕಂಡದ್ದನ್ನು ನಾವೂ ಕಾಣುತ್ತೇವೆ, ವಿವರಣೆ ಆಮೇಲೆ ಬರುತ್ತದೆ. ಹೀಗಾಗಿ ಉತ್ತರ ಅವನ ಬಾಯಿಂದ ಬರುವ ಹೊತ್ತಿಗೆ ನಾವೂ ಅರ್ಧ ದಾರಿ ನಡೆದು ಬಂದಿರುತ್ತೇವೆ.

ಅದೇ ಭಾಗದಲ್ಲಿ, ಸತ್ತವರ ಮನೆಗಳಿಗೆ ಹೋಗಿ ಬರುವಂತೆ ರೀಚರ್ ಹೆಲೆನ್‌ಳಿಗೆ ಷರತ್ತು ಹಾಕುವ ಪ್ರಸಂಗವಿದೆ. ಸಾಹಸ ಚಿತ್ರಗಳಲ್ಲಿ ಮೊದಲ ದೃಶ್ಯದಲ್ಲಿ ಸತ್ತವರು ಎರಡನೆಯ ದೃಶ್ಯದ ಹೊತ್ತಿಗೆ ಮರೆತುಹೋಗುತ್ತಾರೆ. ಇಲ್ಲಿ ಅವರಿಗೆ ಮನೆ, ಸಂಸಾರ, ಅರ್ಧಕ್ಕೆ ನಿಂತ ಬದುಕು ಇವೆಲ್ಲ ಮರಳಿ ಸಿಗುತ್ತವೆ. ಮತ್ತೊಂದು ಲಾಭವೆಂದರೆ, ಕೊಲೆಗಳ ಹಿಂದಿನ ಕಾರಣವೂ ಆ ಮನೆಗಳಲ್ಲೇ ಅಡಗಿದೆ. ಕರುಣೆಯೂ ತನಿಖೆಯೂ ಒಂದೇ ದೃಶ್ಯದಲ್ಲಿ ಮುಂದುವರಿಯುವ ಇಂಥ ಬರವಣಿಗೆ ಈ ಬಗೆಯ ಚಿತ್ರಗಳಲ್ಲಿ ಅಪರೂಪ, ಮತ್ತು ಇದರ ಬಗ್ಗೆ ಪ್ರೇಕ್ಷಕರ ಮೆಚ್ಚುಗೆಯಲ್ಲಿ ಇಷ್ಟು ಕಡಿಮೆ ಉಲ್ಲೇಖವಿರುವುದು ನನಗೆ ಬೇಸರ ತರಿಸುತ್ತದೆ.

ಈಗ ಎತ್ತರದ ಪ್ರಶ್ನೆ. ಕಾದಂಬರಿಗಳಲ್ಲಿ ರೀಚರನ ಗಾತ್ರ ಅಲಂಕಾರಕ್ಕೆ ಇಟ್ಟದ್ದಲ್ಲ. ಅವನು ಬಾಗಿಲಲ್ಲಿ ಕಾಣಿಸಿಕೊಂಡರೆ ಒಳಗಿನ ಮಾತು ನಿಲ್ಲುತ್ತದೆ. ಜನ ಅವನಿಗೆ ದಾರಿ ಬಿಡುತ್ತಾರೆ. ಒಮ್ಮೆ ನೋಡಿದವರು ಮರೆಯುವುದಿಲ್ಲ. ಆ ದೇಹ ಕಥೆಯೊಳಗೆ ಕೆಲಸ ಮಾಡುತ್ತದೆ. ಆದ್ದರಿಂದ ಅದನ್ನು ತೆಗೆದುಹಾಕಿದರೆ ಏನೋ ಕಳೆದುಹೋಯಿತೆಂದು ಓದುಗರಿಗೆ ಅನ್ನಿಸುವುದು ಸಹಜ, ನ್ಯಾಯವೂ ಹೌದು. ರೀಚರನ ಗಾತ್ರವೆಂಬುದು ತಡೆಯಲಾಗದ ಒಂದು ಶಕ್ತಿಯ ರೂಪಕ, ಅದನ್ನು ಕ್ರೂಸ್ ತಮ್ಮದೇ ರೀತಿಯಲ್ಲಿ ತೋರಿಸಬಲ್ಲರು ಎಂದು ಚೈಲ್ಡ್ ಆಗ ಸಮರ್ಥಿಸಿಕೊಂಡಿದ್ದರು; ಚಿತ್ರದಲ್ಲಿ ಪೊಲೀಸ್ ಠಾಣೆಯ ಸಿಬ್ಬಂದಿಯಾಗಿ ಒಂದು ಗಳಿಗೆ ಮುಖವನ್ನೂ ತೋರಿಸಿದ್ದರು. ಆದರೆ 2018ರಲ್ಲಿ ಅವರೇ ಓದುಗರ ಮಾತು ಸರಿ ಎಂದು ಒಪ್ಪಿ, ಮುಂದೆ ಬರುವ ದೂರದರ್ಶನ ಸರಣಿಗೆ ದೊಡ್ಡ ಆಳನ್ನೇ ಹುಡುಕುವುದಾಗಿ ಹೇಳಿದರು.

ನನ್ನ ಅಭಿಪ್ರಾಯ ಇವೆರಡರ ನಡುವೆ ನಿಲ್ಲುತ್ತದೆ. ಪಾನಗೃಹದ ಹೊರಗೆ ಐವರು ಹುಡುಗರು ರೀಚರನ ಮೇಲೆ ಏರಿ ಬರುವ ಪ್ರಸಂಗವನ್ನು ನೋಡಿ. ಪುಸ್ತಕದ ರೀಚರನಂಥ ಆಳಿನ ಮುಂದೆ ಕುಡಿದ ಹುಡುಗರು ಬಂದು ನಿಲ್ಲಬೇಕಾದರೆ ಅದಕ್ಕೊಂದು ಬಲವಾದ ಕಾರಣ ಬೇಕು. ಕ್ರೂಸ್ ಅವರ ಎದುರು ಆ ಕಾರಣವೇ ಬೇಡ. ಆ ಹುಡುಗರು ಗೆಲ್ಲುತ್ತೇವೆಂದು ನಿಜವಾಗಿಯೂ ನಂಬಿದ್ದಾರೆ, ಮತ್ತು ಹಾಗೆ ನಂಬಲು ಬಿಟ್ಟು, ಯಾರು ಮೊದಲು ಬರುತ್ತಾರೆ, ಯಾರು ಓಡುತ್ತಾರೆ ಎಂದು ಅವರಿಗೇ ವಿವರಿಸುವ ರೀಚರನ ಶಾಂತ ಧ್ವನಿ ಹೊಡೆತಕ್ಕಿಂತ ಹೆಚ್ಚು ಹೆದರಿಸುತ್ತದೆ. ಕ್ರೂಸ್ ಇಲ್ಲಿ ತಮ್ಮ ಎಂದಿನ ನಗು, ಓಟ, ಉತ್ಸಾಹಗಳನ್ನೆಲ್ಲ ಬದಿಗಿಟ್ಟು ಅಲುಗಾಡದೆ ನಿಲ್ಲುವುದನ್ನು ರೂಢಿಸಿಕೊಂಡಿದ್ದಾರೆ. ದೇಹದ ಗಾತ್ರದ ಸ್ಥಾನಕ್ಕೆ ಈ ನಿಶ್ಚಲತೆಯನ್ನು ತಂದದ್ದು ವಿಚಾರ ಮಾಡಿ ಕೈಗೊಂಡ ನಿರ್ಧಾರ, ಮತ್ತು ಅದು ಬಹುಮಟ್ಟಿಗೆ ಫಲಿಸಿದೆ. ಫಲಿಸದಿರುವುದು ಹೆಂಗಸರೆಲ್ಲ ಅವನನ್ನು ತಿರುಗಿ ತಿರುಗಿ ನೋಡುವ ಕಡೆಗಳಲ್ಲಿ. ಅಲ್ಲಿ ಪಾತ್ರ ಮರೆಯಾಗಿ ತಾರೆ ಮಾತ್ರ ಕಾಣುತ್ತಾನೆ.

ಸಾಹಸ ದೃಶ್ಯಗಳ ಪೈಕಿ ಕಾರು ಬೆನ್ನಟ್ಟುವ ಪ್ರಸಂಗವನ್ನು ಪ್ರೇಕ್ಷಕರು ಬಹುತೇಕ ಒಮ್ಮತದಿಂದ ಹೊಗಳುತ್ತಾರೆ, ನಾನೂ ಹೊಗಳುತ್ತೇನೆ. ಹಿನ್ನೆಲೆ ಸಂಗೀತ ಹಿಂದೆ ಸರಿದು ಹಳೆಯ ಶೆವ್ರೊಲೆ ಶೆವೆಲ್ ಕಾರಿನ ಎಂಜಿನ್ ಸದ್ದಿಗೆ ಜಾಗ ಬಿಟ್ಟಿದೆ. ಚಾಲಕನ ಸ್ಥಾನದಲ್ಲಿರುವುದು ಸ್ವತಃ ಕ್ರೂಸ್ ಎಂಬುದು ಸ್ಪಷ್ಟವಾಗಿ ಕಾಣುತ್ತದೆ. ಕಾರು ಅಲ್ಲಲ್ಲಿ ಗುದ್ದಿಕೊಂಡು ನಿಂತು ಮತ್ತೆ ಹೊರಡುವುದರಿಂದ ಅಪಾಯ ನಂಬುವಂತಿದೆ. ಕೊನೆಗೆ ಅವನು ಚಲಿಸುವ ಕಾರಿನಿಂದ ಇಳಿದು ಬಸ್ಸಿಗೆ ಕಾಯುತ್ತಿರುವ ಜನರ ನಡುವೆ ನಿಲ್ಲುತ್ತಾನೆ. ಅವರಲ್ಲೊಬ್ಬರು ಒಂದು ಮಾತೂ ಆಡದೆ ತಮ್ಮ ಟೋಪಿಯನ್ನು ಅವನಿಗೆ ಕೊಡುತ್ತಾರೆ, ಉಳಿದವರು ಅವನಿಗೆ ಮರೆಯಾಗುತ್ತಾರೆ. ಪೊಲೀಸರಿಗೆ ಹೆದರುವುದು ಏನೆಂದು ಬಲ್ಲ ಜನರ ಒಗ್ಗಟ್ಟನ್ನು ಅರ್ಧ ನಿಮಿಷದಲ್ಲಿ ಹೇಳಿ ಮುಗಿಸಿದ ಈ ತುಣುಕು ಚಿತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು. ಸ್ನಾನದ ಕೋಣೆಯಲ್ಲಿ ಇಬ್ಬರು ದಾಂಡಿಗರು ಒಬ್ಬರಿಗೊಬ್ಬರು ಅಡ್ಡಬಂದು ಏಟು ತಿನ್ನುವ ಹಾಸ್ಯ ಮಾತ್ರ ಉಳಿದ ಚಿತ್ರದ ಗಾಂಭೀರ್ಯಕ್ಕೆ ಹೊಂದುವುದಿಲ್ಲ ಎಂಬ ದೂರನ್ನು ನಾನು ಒಪ್ಪುತ್ತೇನೆ.

ಖಳನಾಯಕ ‘ಜೆಕ್’ ಪಾತ್ರದಲ್ಲಿ ಜರ್ಮನಿಯ ಹೆಸರಾಂತ ನಿರ್ದೇಶಕ ವರ್ನರ್ ಹರ್ಜೋಗ್ ಇದ್ದಾರೆ. ಸೈಬೀರಿಯಾದ ಸೆರೆಯಲ್ಲಿ ಬದುಕುಳಿಯಲು ತನ್ನ ಬೆರಳುಗಳನ್ನು ತಾನೇ ಕಚ್ಚಿ ಕತ್ತರಿಸಿಕೊಂಡೆನೆಂದು ಅವರು ತಣ್ಣನೆಯ ಧ್ವನಿಯಲ್ಲಿ ಹೇಳುವ ದೃಶ್ಯವನ್ನು ನೋಡಿದವರು ಮರೆಯಲಾರರು. ದುಃಖದ ಸಂಗತಿಯೆಂದರೆ, ಇಷ್ಟು ಭೀಕರ ಗತವುಳ್ಳವನ ಈಗಿನ ಉದ್ದೇಶ ಕಟ್ಟಡ ಗುತ್ತಿಗೆಯ ವ್ಯವಹಾರದಷ್ಟು ಸಣ್ಣದು. ಸಣ್ಣ ದುರಾಸೆಗಾಗಿ ದೊಡ್ಡ ಪಾತಕ ನಡೆಯುತ್ತದೆ ಎಂಬುದು ಗಟ್ಟಿಯಾದ ವಿಷಯವೇ. ಚಿತ್ರ ಅದನ್ನು ಎರಡು ವಾಕ್ಯಗಳಲ್ಲಿ ತೇಲಿಸಿಬಿಡುತ್ತದೆ.

ಚಿತ್ರ ನಿಜವಾಗಿ ಎಡವುವುದು ಹೆಲೆನ್‌ಳ ವಿಷಯದಲ್ಲಿ. ಕಾದಂಬರಿಯಲ್ಲಿ ಅವಳ ಜೊತೆಗೆ ಸೇನಾಧಿಕಾರಿ ಐಲೀನ್ ಹಟ್ಟನ್ ಮತ್ತು ದೂರದರ್ಶನ ವರದಿಗಾರ್ತಿ ಆನ್ ಯಾನಿ ಇದ್ದಾರೆ. ತನಿಖೆಯ ಭಾರ ಹಂಚಿಹೋಗಿದೆ. ಚಿತ್ರ ಅವರಿಬ್ಬರನ್ನೂ ಕೈಬಿಟ್ಟಿದೆ. ಎರಡು ಗಂಟೆ ಹತ್ತು ನಿಮಿಷದ ಅವಧಿಗೆ ಅದು ಅನಿವಾರ್ಯವಿರಬಹುದು, ಆದರೆ ಅವರ ಬುದ್ಧಿ ಮತ್ತು ಧೈರ್ಯದ ಪಾಲು ಹೆಲೆನ್‌ಳಿಗೆ ಬರಬೇಕಿತ್ತು. ಹಾಗಾಗದೆ ಎಲ್ಲ ಊಹೆಗಳನ್ನೂ ರೀಚರನೇ ಮಾಡುತ್ತಾನೆ, ಅವಳು ಬೆರಗಾಗಿ ಕೇಳುತ್ತಾಳೆ. ಕೊನೆಯಲ್ಲಿ ಅವಳನ್ನು ಒತ್ತೆಯಾಗಿ ಹಿಡಿದು ಕಲ್ಲುಗಣಿಗೆ ಒಯ್ಯುವಾಗ, ಅಷ್ಟು ಹೊತ್ತು ವಿವೇಕದಿಂದ ನಡೆದ ಚಿತ್ರ ಅತ್ಯಂತ ಸವೆದ ದಾರಿಗೆ ಬಂದು ಬೀಳುತ್ತದೆ. ಮಳೆಯಲ್ಲಿ ಬಂದೂಕು ಬದಿಗೆಸೆದು ಕೈಕೈ ಮಿಲಾಯಿಸುವ ಅಂತಿಮ ಕಾಳಗ ಚೆನ್ನಾಗಿ ಚಿತ್ರಿತವಾಗಿದ್ದರೂ, ಆವರೆಗಿನ ಎಚ್ಚರದ ರೀಚರ್ ಹಾಗೆ ಮಾಡುವವನಲ್ಲ. ಆ ಭಾಗವನ್ನು ಸಹ್ಯವಾಗಿಸುವವರು ಗುಂಡುಗಾರಿಕೆ ಮೈದಾನದ ಮುದುಕ ಕ್ಯಾಶ್ ಆಗಿ ಬರುವ ರಾಬರ್ಟ್ ಡುವಾಲ್.

ಸುಮಾರು 6 ಕೋಟಿ ಡಾಲರ್ ವೆಚ್ಚದ ಈ ಚಿತ್ರ ಜಗತ್ತಿನಾದ್ಯಂತ 21 ಕೋಟಿ ಡಾಲರಿಗೂ ಹೆಚ್ಚು ಗಳಿಸಿತು. ಅದರಲ್ಲಿ ಅಮೆರಿಕದ ಪಾಲು ಸುಮಾರು 8 ಕೋಟಿ ಮಾತ್ರ. 2022ರಲ್ಲಿ ಅಲನ್ ರಿಚ್ಸನ್ ಅವರ ‘ರೀಚರ್’ ಸರಣಿ ಪ್ರೈಮ್ ವಿಡಿಯೋದಲ್ಲಿ ಬಂದ ಮೇಲೆ ಹಳೆಯ ಚಿತ್ರವನ್ನು ಹುಡುಕಿ ನೋಡುವವರು ಎರಡನ್ನೂ ಪಕ್ಕಪಕ್ಕದಲ್ಲಿಟ್ಟು ಅಳೆಯುತ್ತಾರೆ. ರಿಚ್ಸನ್ ಅವರ ಮೈಕಟ್ಟು ಪುಸ್ತಕದ ರೀಚರನಿಗೆ ಬಹಳ ಹತ್ತಿರ, ಸರಣಿಗೆ ಕಥೆ ಹಬ್ಬಿಸಲು ಬೇಕಾದಷ್ಟು ಸಮಯವೂ ಇದೆ. ಆದರೆ ಒಂದು ನಗರದ ನಕ್ಷೆಯನ್ನೇ ಒಗಟಾಗಿಸಿ ಬಿಡಿಸುವ ಕಸುಬುಗಾರಿಕೆ ಮೆಕ್ವಾರಿ ಅವರ ಚಿತ್ರದಲ್ಲಿಯೇ ಮೇಲು. 2016ರಲ್ಲಿ ಎಡ್ವರ್ಡ್ ಜ್ವಿಕ್ ನಿರ್ದೇಶನದಲ್ಲಿ ಬಂದ ಎರಡನೆಯ ಚಿತ್ರ ‘ನೆವರ್ ಗೋ ಬ್ಯಾಕ್’ ಈ ವಾದಕ್ಕೆ ಪುರಾವೆ ಒದಗಿಸುತ್ತದೆ: ಅದೇ ನಟ, ಅದೇ ಎತ್ತರ, ಆದರೆ ಯೋಚಿಸುವ ರೀಚರ್ ಅಲ್ಲಿಲ್ಲ, ಬರೀ ಓಡುವ ರೀಚರ್ ಇದ್ದಾನೆ, ಚಿತ್ರ ಮುಗಿದ ಮೇಲೆ ಒಂದು ದೃಶ್ಯವೂ ನೆನಪಿನಲ್ಲಿ ಉಳಿಯುವುದಿಲ್ಲ. ಅದನ್ನು ಬಿಟ್ಟರೆ ನಷ್ಟವಿಲ್ಲ. ಮೊದಲನೆಯದನ್ನು ಮಾತ್ರ ಕಾದಂಬರಿ ಓದುವ ಮೊದಲೇ ನೋಡಿ ಎಂದು ಹೇಳುತ್ತೇನೆ. ನಂತರ ‘ಒನ್ ಶಾಟ್’ ಕೈಗೆತ್ತಿಕೊಂಡರೆ ಹಟ್ಟನ್ ಮತ್ತು ಯಾನಿ ಅವರ ಪಾಲಿನ ಕಥೆ ಹೊಸದಾಗಿಯೇ ಸಿಗುತ್ತದೆ.