ನಾರ್ದರ್ನ್ ಎಕ್ಸ್‌ಪೋಷರ್ (1996): ಆತುರವೇ ಇಲ್ಲದ ಮಿಕ್ಸ್

ಪ್ರೋಗ್ರೆಸಿವ್ ಹೌಸ್ ಅನ್ನುವ, ನಿಧಾನವಾಗಿ ಬೆಳೆಯುವ ಎಲೆಕ್ಟ್ರಾನಿಕ್ ಡಾನ್ಸ್ ಸಂಗೀತವನ್ನು ಎಲ್ಲಿಂದ ಕೇಳೋಕೆ ಶುರು ಮಾಡಲಿ ಅಂತ ಯಾರೇ ಕೇಳಲಿ, ನಾನು ಹೇಳುವುದು ಇದೊಂದೇ ಹೆಸರು. ಸಾಶಾ ಮತ್ತು ಜಾನ್ ಡಿಗ್‌ವೀಡ್ ಎಂಬ ಬ್ರಿಟಿಷ್ ಡಿಜೆ ಜೋಡಿ ಮಾಡಿದ, ಲಂಡನ್ನಿನ ಮಿನಿಸ್ಟ್ರಿ ಆಫ್ ಸೌಂಡ್ ಕ್ಲಬ್ಬಿನ ಲೇಬಲ್ 1996ರಲ್ಲಿ ಹೊರತಂದ ಎರಡು ಸಿಡಿಗಳ ಮಿಕ್ಸ್, ಅಂದರೆ ಬೇರೆ ಬೇರೆ ಟ್ರ್ಯಾಕ್‌ಗಳನ್ನು ನಡುವೆ ನಿಲ್ಲದಂತೆ ಬೆಸೆದದ್ದು.

ಹಾಕಿದ ಕೂಡಲೇ ಧಡ್ ಧಡ್ ಅಂತ ಕಿಕ್ ಡ್ರಮ್ ಬರುತ್ತದೆ ಅಂದುಕೊಳ್ಳಬೇಡಿ. ತುಂಬಾ ನಿಧಾನವಾಗಿ ಏರುತ್ತದೆ. ಆ ಕಾಲದ ಬೇರೆ ಕ್ಲಬ್ ಸಿಡಿಗಳು ಹಿಟ್ ಹಾಡುಗಳನ್ನು ಸಾಲಾಗಿ ಜೋಡಿಸಿ ಮಾರುತ್ತಿದ್ದಾಗ ಇವರಿಬ್ಬರು ಕೇಳುಗರ ತಾಳ್ಮೆಯನ್ನು ನಂಬಿದರು. ನನಗೆ ಇದರಲ್ಲಿ ಅತಿ ಇಷ್ಟವಾಗುವುದು ಅದೇ.

ಇನ್ನು ಮಿಕ್ಸಿಂಗ್. ಒಂದು ಟ್ರ್ಯಾಕ್ ಎಲ್ಲಿ ಮುಗಿಯಿತು, ಮುಂದಿನದು ಎಲ್ಲಿ ಶುರುವಾಯಿತು ಅಂತ ಗೊತ್ತೇ ಆಗುವುದಿಲ್ಲ. ವೇಗ ಹೊಂದಿಸುವುದು ಎಲ್ಲ ಡಿಜೆಗಳೂ ಕಲಿಯುವ ಕೆಲಸ. ಇಲ್ಲಿ ಶ್ರುತಿಯೂ ಹೊಂದಬೇಕು, ಒಂದರ ಬೇಸ್ (ತಗ್ಗಿನ ನಾದ) ತಗ್ಗಿಸಿದ ಜಾಗಕ್ಕೇ ಇನ್ನೊಂದರ ಬೇಸ್ ಬಂದು ಕೂರಬೇಕು, ಹಳೆಯ ಟ್ರ್ಯಾಕಿನ ಸಿಂತ್ (ಎಲೆಕ್ಟ್ರಾನಿಕ್ ಕೀಬೋರ್ಡಿನ ನಾದ) ಕರಗುತ್ತಿರುವಾಗಲೇ ಹೊಸದರ ತಾಳ ಕೆಳಗಿನಿಂದ ಮೆಲ್ಲಗೆ ಏಳಬೇಕು. ಒಳ್ಳೆ ಹೆಡ್‌ಫೋನ್ ಇದ್ದರೆ ಈ ಕೈಚಳಕ ಬಿಡಿಬಿಡಿಯಾಗಿ ಕೇಳಿಸುತ್ತದೆ.

ಇಂಥ ಮಿಕ್ಸ್ ಸುಮ್ನೆ ಹುಟ್ಟಿದ್ದಲ್ಲ. ಬ್ರಿಟನ್ನಿನಲ್ಲಿ ತೊಂಬತ್ತರ ಶುರುವಿನಲ್ಲಿ ಬಯಲು, ಗೋದಾಮುಗಳಲ್ಲಿ ರೇವ್‌ಗಳು, ಅಂದರೆ ರಾತ್ರಿಯಿಡೀ ಕುಣಿಯುವ ಪಾರ್ಟಿಗಳು, ನಡೆಯುತ್ತಿದ್ದವು. ಕ್ಯಾಸಲ್‌ಮಾರ್ಟನ್ ಬಯಲಿನಲ್ಲಿ 1992ರಲ್ಲಿ ನಡೆದ ರೇವ್ ಜಾತ್ರೆ ದೊಡ್ಡ ಗಲಾಟೆಯ ಸುದ್ದಿಯಾಯಿತು. 1994ರ ಕ್ರಿಮಿನಲ್ ಜಸ್ಟಿಸ್ ಕಾಯ್ದೆ, ಒಂದೇ ಸಮನೆ ಮರುಕಳಿಸುವ ಬೀಟ್‌ಗಳ ಸಂಗೀತ ಅಂತಲೇ ಬರೆದು, ಬಯಲಿನ ರೇವ್‌ಗಳನ್ನು ನಿಲ್ಲಿಸುವ ಅಧಿಕಾರವನ್ನು ಪೊಲೀಸರಿಗೆ ಕೊಟ್ಟಿತು. ಅಷ್ಟರಲ್ಲಾಗಲೇ ಲೈಸೆನ್ಸ್ ಇದ್ದ ಕ್ಲಬ್‌ಗಳು ಬೆಳೆಯುತ್ತಿದ್ದವು. ಲಂಡನ್ನಿನಲ್ಲಿ 1991ರಿಂದ ಮಿನಿಸ್ಟ್ರಿ ಆಫ್ ಸೌಂಡ್, 1992ರಿಂದ ಲಿವರ್‌ಪೂಲಿನಲ್ಲಿ ಕ್ರೀಮ್, ಮ್ಯಾನ್ಸ್‌ಫೀಲ್ಡ್‌ನಲ್ಲಿ ರೆನೆಸಾನ್ಸ್. ಒಳ್ಳೆ ಸೌಂಡ್ ಸಿಸ್ಟಮ್, ಪ್ರತಿ ವಾರ ಬರುವ ಜನ, ಗಂಟೆಗಟ್ಟಲೆ ನುಡಿಸಲು ಸಮಯ. ಡಿಜೆಗೆ ಇಷ್ಟು ಸಿಕ್ಕರೆ ಕತೆ ಹೇಳುವ ಆಸೆ ಹುಟ್ಟದೆ ಇರುತ್ತದೆಯೇ?

ಇದೇ ಜೋಡಿ 1994ರಲ್ಲಿ ರೆನೆಸಾನ್ಸ್ ಹೆಸರಿನಲ್ಲಿ ಮೂರು ಸಿಡಿಗಳ ಮಿಕ್ಸ್ ತಂದಿತ್ತು. ಅಲ್ಲಿಯವರೆಗೆ ಡಿಜೆ ಮಿಕ್ಸ್‌ಗಳು ಹೆಚ್ಚಾಗಿ ಕ್ಯಾಸೆಟ್ಟಿನಲ್ಲಿ ಕೈಯಿಂದ ಕೈಗೆ ಓಡಾಡುತ್ತಿದ್ದವು. ರೆನೆಸಾನ್ಸ್ ಮಿಕ್ಸೂ ಚೆನ್ನಾಗಿದೆ, ಆದರೆ ಅದರಲ್ಲಿ ಡಾನ್ಸ್ ಫ್ಲೋರಿನ ಉತ್ಸಾಹ ಜಾಸ್ತಿ. ನಾರ್ದರ್ನ್ ಎಕ್ಸ್‌ಪೋಷರ್ ಮನೆಯಲ್ಲಿ ಕೂತು ಕೇಳುವವರಿಗೂ ಅಷ್ಟೇ ಒದಗುತ್ತದೆ. ಮುಂದೆ ಇವರಿಬ್ಬರು ನ್ಯೂಯಾರ್ಕಿನ ಟ್ವೈಲೋ ಕ್ಲಬ್ಬಿನಲ್ಲಿ ರಾತ್ರಿಯಿಡೀ ನುಡಿಸಿ ಹೆಸರು ಮಾಡಿದರಲ್ಲ, ಅದರ ಸುಳಿವು ಇಲ್ಲೇ ಇದೆ.

ಕೊರತೆಯೂ ಇದೆ. ಕೆಲವು ಕಡೆ ಸಿಂತ್‌ನ ಉದ್ದುದ್ದ ಎಳೆತ ಈಗ ಹಳತು ಅನಿಸುತ್ತದೆ. ಎರಡನೇ ಡಿಸ್ಕ್ ಕುಣಿಸುತ್ತದೆ ನಿಜ, ಆದರೆ ಮೊದಲನೆಯದರ ಮಾಯೆ ಅದಕ್ಕಿಲ್ಲ ಅನ್ನುವುದು ನನ್ನ ಅಭಿಪ್ರಾಯ. ದಿಢೀರ್ ಮಜಾ ಬೇಕು ಅನ್ನುವವರಿಗೆ ಇದು ಹಿಡಿಸುವುದೂ ಕಷ್ಟ. ಅವರು 1996ರಲ್ಲೇ ಶುರುವಾದ, ಪ್ರತಿ ಸಂಚಿಕೆಗೂ ಒಂದೊಂದು ಊರಿನ ಹೆಸರಿರುವ ಗ್ಲೋಬಲ್ ಅಂಡರ್‌ಗ್ರೌಂಡ್ ಮಿಕ್ಸ್ ಸರಣಿಯಲ್ಲಿ ಸಾಶಾನ ಇಬಿಜಾ ಕೇಳಿ ನೋಡಲಿ.

ತೊಂಬತ್ತರ ಇಂಥ ಮಿಕ್ಸ್‌ಗಳಲ್ಲಿ ಎಷ್ಟೋ, ಟ್ರ್ಯಾಕ್‌ಗಳ ಹಕ್ಕಿನ ತೊಡಕಿನಿಂದ, ಸ್ಟ್ರೀಮಿಂಗಿನಲ್ಲಿ ಸಿಗುವುದಿಲ್ಲ. ಇದರ ಹಳೆಯ ಸಿಡಿ ಒಳ್ಳೆ ಸ್ಥಿತಿಯಲ್ಲಿ ಸಿಕ್ಕರೆ ತೆಗೆದುಕೊಳ್ಳಿ. ಕಂಪ್ಯೂಟರಿಗೆ ಹಾಕಿಕೊಳ್ಳುವಾಗ ಇಡೀ ಡಿಸ್ಕನ್ನು ಒಂದೇ ಫೈಲ್ ಮಾಡಿ, ಶಫಲ್ ಅಂತೂ ಬೇಡವೇ ಬೇಡ. ಟ್ರ್ಯಾಕ್‌ಗಳ ನಡುವೆ ಅರೆ ಕ್ಷಣ ಸದ್ದು ನಿಂತರೂ ಅವರು ಕೂಡಿಸಿಟ್ಟಿದ್ದೆಲ್ಲ ಅಲ್ಲೇ ಕಡಿದು ಹೋಗುತ್ತದೆ.